ಕೆಲಸ ಹೋದದ್ದನ್ನು ಊರಿಗೆ ಹೇಳಲೇ, ಬೇಡವೇ?

ಪ್ರಶ್ನೆ: ನನಗೆ 28 ವರ್ಷ. ಊರು ಆಲೂರು ತಾಲ್ಲೂಕು. ಹಾಸನದಲ್ಲಿ ಬಿಇ ಮುಗಿಸಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ 5 ವರ್ಷ 7 ತಿಂಗಳು ಟೆಸ್ಟಿಂಗ್ ಕೆಲಸ ಮಾಡಿದೆ. ನಾಲ್ಕು ತಿಂಗಳ ಹಿಂದೆ ಪ್ರಾಜೆಕ್ಟ್ ನಿಂತಿತು ಅಂತ ರಾಜೀನಾಮೆ ಬರೆಸಿಕೊಂಡು ಕಳಿಸಿದರು. ಪಿಜಿ ಖಾಲಿ ಮಾಡಿ ಊರಿಗೆ ಬಂದಿದ್ದೇನೆ. ಮನೆಯಲ್ಲಿ 'ವರ್ಕ್ ಫ್ರಂ ಹೋಮ್' ಅಂತ ಹೇಳಿದ್ದೇನೆ. ದಿನವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು ಅರ್ಜಿ ಹಾಕುತ್ತೇನೆ. ನಾನೂರು ದಾಟಿರಬಹುದು. ಎರಡು ಕಡೆಯಿಂದ ಮಾತ್ರ ಫೋನ್ ಬಂತು, ಅದೂ ಮುಂದೆ ಹೋಗಲಿಲ್ಲ. ಎಜುಕೇಶನ್ ಲೋನ್ ಇನ್ನೂ ತೀರಿಲ್ಲ. ಹಾಸನದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯವರು ಕಂಪ್ಯೂಟರ್ ವಿಭಾಗಕ್ಕೆ 26 ಸಾವಿರ ಸಂಬಳಕ್ಕೆ ಕರೆಯುತ್ತಿದ್ದಾರೆ. ನನಗೆ ಬರುತ್ತಿದ್ದುದರ ಅರ್ಧ. ಸೋಮವಾರದೊಳಗೆ ಹೇಳಬೇಕಂತೆ. ಸೇರಲೇ, ಮಾರ್ಕೆಟ್ ಸರಿಯಾಗುವವರೆಗೆ ಕಾಯಲೇ? ಎಂಟೆಕ್ ಮಾಡಲೇ, ಕೆಪಿಎಸ್‌ಸಿಗೆ ಓದಲೇ? ಒಬ್ಬರು ದುಡ್ಡು ಕೊಟ್ಟರೆ ಎಕ್ಸ್‌ಪೀರಿಯನ್ಸ್ ಲೆಟರ್ ಕೊಡಿಸಿ ಗ್ಯಾಪ್ ಮುಚ್ಚಿಸುತ್ತೇನೆ ಅನ್ನುತ್ತಿದ್ದಾರೆ. ಅದನ್ನು ತೆಗೆದುಕೊಳ್ಳಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದರಲ್ಲಿ ಕೈ ಸುಟ್ಟುಕೊಂಡರೆ ಉಳಿದ ಯಾವ ಸಲಹೆಯೂ ಉಪಯೋಗಕ್ಕೆ ಬರುವುದಿಲ್ಲ.

ಆ ಲೆಟರ್ ಬೇಡ. ಸ್ವಲ್ಪ ದೊಡ್ಡ ಕಂಪನಿ ಯಾವುದಾದರೂ ಸರಿ, ಆಫರ್ ಕೊಟ್ಟ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡಿಸುತ್ತದೆ. ಅದರಲ್ಲಿ ನಿಮ್ಮ ಯುಎಎನ್ (ಪಿಎಫ್ ಖಾತೆಯ) ನಂಬರಿನ ಸರ್ವಿಸ್ ಹಿಸ್ಟರಿ ಕೇಳುವುದು ಈಗ ಮಾಮೂಲು. ಯಾವ ಕಂಪನಿ ಯಾವ ತಿಂಗಳವರೆಗೆ ನಿಮ್ಮ ಪಿಎಫ್ ಕಟ್ಟಿತು ಅನ್ನುವುದು ಅಲ್ಲಿ ದಿನಾಂಕದ ಸಮೇತ ಇರುತ್ತದೆ. ಲೆಟರ್ ಮಾರುವವನು ಕಾಗದ ಕೊಡಬಲ್ಲ, ಸೀಲು ಹಾಕಬಲ್ಲ. ಹಿಂದಿನ ತಿಂಗಳ ಪಿಎಫ್ ಕಟ್ಟಲಾರ. ಗ್ಯಾಪ್ ಇದ್ದವರಿಗೆ ಕೆಲಸ ಕೊಟ್ಟದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸುಳ್ಳು ಲೆಟರ್ ಸಿಕ್ಕಿಬಿದ್ದಾಗ ಮಾತ್ರ ಯಾವ ಎಚ್‌ಆರ್ ಕೂಡ ಕರಗುವುದಿಲ್ಲ. ಸೇರಿ ತಿಂಗಳುಗಳಾದ ಮೇಲೂ ಮನೆಗೆ ಕಳಿಸುತ್ತಾರೆ. ಆಗ ನಿಮ್ಮ ಹತ್ತಿರ ಗ್ಯಾಪ್ ಜೊತೆಗೆ ಕೆಟ್ಟ ಹೆಸರೂ ಇರುತ್ತದೆ.

ಇನ್ನು ಆ ಗ್ಯಾಪ್ ನೀವು ಅಂದುಕೊಂಡಷ್ಟು ದೊಡ್ಡ ಕಳಂಕವೂ ಅಲ್ಲ. ಅದರಲ್ಲೂ ಈಗ. ಅಮೆರಿಕದಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು, 2013ರಲ್ಲಿ ಅದು ಪ್ರಕಟವಾಯಿತು. ಅಲ್ಲಿನ 100 ದೊಡ್ಡ ನಗರಗಳ ಸುಮಾರು 3,000 ಜಾಹೀರಾತುಗಳಿಗೆ 12,000ದಷ್ಟು ಕಾಲ್ಪನಿಕ ರೆಸ್ಯೂಮೆ ಕಳಿಸಿದರು. ಎಷ್ಟು ತಿಂಗಳಿಂದ ಕೆಲಸ ಇಲ್ಲ ಅನ್ನುವುದನ್ನು ಮಾತ್ರ ಒಂದೊಂದರಲ್ಲಿ ಒಂದೊಂದು ಥರ ಬರೆದರು. ಖಾಲಿ ಕೂತ ತಿಂಗಳು ಹೆಚ್ಚಾದಷ್ಟೂ ಕರೆ ಕಡಿಮೆಯಾಯಿತು. ಆ ಇಳಿತ ಹೆಚ್ಚಾಗಿ ಮೊದಲ ಎಂಟು ತಿಂಗಳಲ್ಲೇ ಆಗಿತ್ತು. ಅಲ್ಲಿಗೇ ನಿಲ್ಲಿಸಿದರೆ ಭಯವಾಗುತ್ತದೆ, ಅಲ್ವಾ? ಆದರೆ ಅವರಿಗೆ ಇನ್ನೊಂದು ಸಂಗತಿ ಸಿಕ್ಕಿತು. ಕೆಲಸ ಧಾರಾಳವಾಗಿ ಸಿಗುವ ಊರುಗಳಲ್ಲಿ ಗ್ಯಾಪ್‌ನ ಏಟು ಜೋರಾಗಿತ್ತು. ಕೆಲಸಕ್ಕೆ ಬರ ಇದ್ದ ಊರುಗಳಲ್ಲಿ ಅದು ತೀರ ಕಡಿಮೆ. ಇದರ ಹಿಂದಿನ ತರ್ಕ ನಮ್ಮ ಊರಿನವರಿಗೂ ಗೊತ್ತು. ಎಲ್ಲರಿಗೂ ಕೆಲಸ ಸಿಗುತ್ತಿರುವಾಗ ಒಬ್ಬನಿಗೆ ಸಿಗದಿದ್ದರೆ ಇವನಲ್ಲೇ ಏನೋ ಐಬಿದೆ ಅನ್ನುತ್ತಾರೆ. ಸಾವಿರಾರು ಜನ ಒಟ್ಟಿಗೆ ಮನೆಗೆ ಬಂದಿರುವಾಗ ಯಾರೂ ಹಾಗೆ ಯೋಚಿಸುವುದಿಲ್ಲ. 2025ರ ಜುಲೈನಲ್ಲಿ ಟಿಸಿಎಸ್‌ನಂಥ ಕಂಪನಿಯೇ ಸುಮಾರು 12,000 ಜನರನ್ನು ಕಡಿಮೆ ಮಾಡುತ್ತೇವೆ ಅಂತ ಬಹಿರಂಗವಾಗಿ ಹೇಳಿತು. ಇಂಟರ್‌ವ್ಯೂನಲ್ಲಿ ನಿಮ್ಮ ಎದುರು ಕೂತವರ ಮನೆಯಲ್ಲೂ ಇಂಥ ಒಬ್ಬರು ಇದ್ದರೆ ಆಶ್ಚರ್ಯ ಇಲ್ಲ. "ಪ್ರಾಜೆಕ್ಟ್ ನಿಂತಿತು, ನಮ್ಮ ಇಡೀ ಟೀಮ್ ಹೋಯಿತು" ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಮಾತಿಗೆ ಹೋಗಿ.

ಹಾಗಾಗಿ ಗ್ಯಾಪ್ ಬಗ್ಗೆ ನನಗೆ ಅಂಥ ಚಿಂತೆ ಇಲ್ಲ. ಚಿಂತೆ ಇರುವುದು ನಿಮ್ಮ 'ವರ್ಕ್ ಫ್ರಂ ಹೋಮ್' ಬಗ್ಗೆ.

ಇದನ್ನು ನೀತಿಯ ಮಾತಾಗಿ ಹೇಳುತ್ತಿಲ್ಲ. ಅಪ್ಪ ಅಮ್ಮನಿಗೆ ಸುಳ್ಳು ಹೇಳಬಾರದು ಅನ್ನುವುದು ನಿಮಗೂ ಗೊತ್ತು. ನಾನು ಹೇಳುತ್ತಿರುವುದು ಶುದ್ಧ ವ್ಯವಹಾರ. ನೀವು ಕೆಲಸ ಹುಡುಕುತ್ತಿದ್ದೀರಿ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದವರು ನಿಮಗೆ ಏನನ್ನೂ ಹೇಳಲಾರರು. 1970ರ ಆಸುಪಾಸಿನಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಬಾಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ, ಹೊಸದಾಗಿ ಕೆಲಸ ಬದಲಿಸಿದವರನ್ನು ಮಾತಾಡಿಸಿದ. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರಿಗೆ, ಆ ಪರಿಚಯದವರನ್ನು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ ಅಂತ ಕೇಳಿದ. ಆಗಾಗ ಭೇಟಿಯಾಗುವ ಆಪ್ತರು ಅಂತ ಹೇಳಿದವರು ಆರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆಲ್ಲ ದಾರಿ ತೋರಿಸಿದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರು. ಹಳೆಯ ಸಹೋದ್ಯೋಗಿ, ಕಾಲೇಜಿನಲ್ಲಿ ಮುಖ ಪರಿಚಯ ಇದ್ದವರು, ಯಾವುದೋ ಸಮಾರಂಭದಲ್ಲಿ ಸಿಕ್ಕವರು. ಆಪ್ತ ಗೆಳೆಯರಿಗೆ ನಿಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ದೂರದವರು ಬೇರೆ ಕಡೆ ಓಡಾಡುತ್ತಿರುತ್ತಾರೆ, ಬೇರೆ ಸುದ್ದಿ ತರುತ್ತಾರೆ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಅಲ್ಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ತೀರ ಆಪ್ತರೂ ಅಲ್ಲದ, ತೀರ ಅಪರಿಚಿತರೂ ಅಲ್ಲದ ಪರಿಚಯಗಳೇ.

ನಮ್ಮ ಕಡೆ ಇಂಥ ದೂರದ ಪರಿಚಯಗಳಿಗೆ ಬರ ಇಲ್ಲ. ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1960ರಲ್ಲಿ. ಚಿಕ್ಕಮಗಳೂರಿನಲ್ಲಿ ಎಐಟಿ ಇದೆ. ಈ ಎರಡು ಜಿಲ್ಲೆಗಳಲ್ಲಿ ಓದಿದ ಇಂಜಿನಿಯರುಗಳು ಇಲ್ಲದ ದೊಡ್ಡ ಕಂಪನಿಯನ್ನು ಬೆಂಗಳೂರಿನಲ್ಲಿ ಹುಡುಕುವುದು ಕಷ್ಟ. ಒಂದು ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯಲ್ಲೇ ಇಬ್ಬರು ಮೂವರು ಸಿಗುತ್ತಾರೆ. ನೀವು ಈಗ ಮದುವೆಗಳಿಗೆ ಹೋಗುತ್ತಿಲ್ಲ ಅಂತ ನನ್ನ ಊಹೆ. "ಹೇಗಿದೆ ಕೆಲಸ?" ಅಂತ ಕೇಳಿಬಿಡುತ್ತಾರೆ ಅನ್ನುವ ಭಯ. ಕೇಳಲಿ. ಆ ಪ್ರಶ್ನೆ ನಿಮಗೆ ಬೇಕಾದದ್ದೇ.

ಅಪ್ಪನಿಗೆ ಹೇಗೆ ಹೇಳುವುದು? ಲೆಕ್ಕದ ಜೊತೆ ಹೇಳಿ. ತೋಟ ಹೊಲ ಮಾಡಿದವರಿಗೆ ಬೆಲೆ ಬಿದ್ದ ವರ್ಷ ಅಂದರೆ ಏನು ಅಂತ ನಿಮಗಿಂತ ಚೆನ್ನಾಗಿ ಗೊತ್ತು. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ಕುಸಿದು ಆಲೂರು, ಸಕಲೇಶಪುರ, ಮೂಡಿಗೆರೆಯ ಎಷ್ಟೋ ಬೆಳೆಗಾರರು ಸಾಲದಲ್ಲಿ ಮುಳುಗಿದ್ದನ್ನು ಅವರು ಕಣ್ಣಾರೆ ಕಂಡವರು. ಅದು ಬೆಳೆಗಾರರ ತಪ್ಪಾಗಿರಲಿಲ್ಲ. "ಕೆಲಸ ಹೋಗಿದೆ, ಕೈಯಲ್ಲಿ ಇಷ್ಟು ದುಡ್ಡಿದೆ, ಇಷ್ಟು ತಿಂಗಳು ನಡೆಯುತ್ತದೆ, ಹೀಗೆ ಹುಡುಕುತ್ತಿದ್ದೇನೆ" ಅಂದರೆ ಒಂದೆರಡು ದಿನ ಮನೆಯಲ್ಲಿ ಮುಖ ಬಾಡಬಹುದು. ಆಮೇಲೆ ಅವರೇ ನಾಲ್ಕು ಜನಕ್ಕೆ ಫೋನ್ ಮಾಡುತ್ತಾರೆ, ನೋಡುತ್ತಿರಿ.

ಆ ಲೆಕ್ಕಕ್ಕೇ ಬರೋಣ. ನಿಮ್ಮ ಪತ್ರದಲ್ಲಿ ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡುಗಂಟಿನ ಸುದ್ದಿಯೇ ಇಲ್ಲ. ಬಹಳ ಜನ ರಾಜೀನಾಮೆ ಕೊಟ್ಟರೆ ಅದು ಸಿಗುವುದಿಲ್ಲ ಅಂದುಕೊಂಡಿರುತ್ತಾರೆ. ತಪ್ಪು. ಒಂದೇ ಕಂಪನಿಯಲ್ಲಿ ಸತತ 5 ವರ್ಷ ಮುಗಿಸಿದವರಿಗೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಬರಬೇಕು. ಕೊನೆಯ ಬೇಸಿಕ್ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳಿಗಿಂತ ಜಾಸ್ತಿ ಇರುವ ತುಂಡು ವರ್ಷವನ್ನು ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ. ಹಾಗಾಗಿ ನಿಮ್ಮ 5 ವರ್ಷ 7 ತಿಂಗಳು 6 ವರ್ಷವಾಗುತ್ತದೆ. ಬೇಸಿಕ್ 26,000 ಇತ್ತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 15,000, ಆರು ವರ್ಷಕ್ಕೆ 90,000 ರೂಪಾಯಿ. ಇದನ್ನು 30 ದಿನದೊಳಗೆ ಕೊಡಬೇಕು ಅಂತ ಕಾನೂನಿದೆ, ತಡವಾದರೆ ಬಡ್ಡಿ ಸಮೇತ. ನಿಮಗೆ ನಾಲ್ಕು ತಿಂಗಳಾಗಿದೆ. ಫೈನಲ್ ಸೆಟಲ್‌ಮೆಂಟ್ ಕಾಗದ ತೆಗೆದು ನೋಡಿ. ಅದರಲ್ಲಿ ಬಂದಿಲ್ಲ ಅಂದರೆ ಇವತ್ತೇ ಎಚ್‌ಆರ್‌ಗೆ ಈಮೇಲ್ ಹಾಕಿ. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ಪಿಎಫ್ ವಿಷಯದಲ್ಲಿ ಆತುರ ಬೇಡ. ತೀರ ಅಗತ್ಯ ಬಿದ್ದರೆ ಒಂದು ಪಾಲು ತೆಗೆಯಿರಿ. ಪೆನ್ಷನ್ ಭಾಗಕ್ಕೆ ಮಾತ್ರ ಕೈ ಹಾಕಬೇಡಿ. ಪೆನ್ಷನ್‌ಗೆ ಒಟ್ಟು 10 ವರ್ಷದ ಸೇವೆ ಬೇಕು. ಅದನ್ನು ತೆಗೆದರೆ ನಿಮ್ಮ ಐದೂವರೆ ವರ್ಷ ಲೆಕ್ಕದಿಂದ ಹೋಗುತ್ತದೆ, ಮುಂದಿನ ಕೆಲಸದಲ್ಲಿ ಸೊನ್ನೆಯಿಂದ ಎಣಿಕೆ. ಎಜುಕೇಶನ್ ಲೋನ್ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಜೊತೆ ಮಾತಾಡಿ. 90 ದಿನ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಅದಕ್ಕೆ ಮುಂಚೆ ಹೋದರೆ ಅವಧಿ ಉದ್ದ ಮಾಡಿ ಕಂತು ಇಳಿಸುವ ಮಾತಿಗೆ ಜಾಗ ಇರುತ್ತದೆ, ಆಮೇಲೆ ಹೋದರೆ ಅವರು ವಸೂಲಿಯ ಮಾತಷ್ಟೇ ಆಡುತ್ತಾರೆ.

ಇನ್ನು ನಾನೂರು ಅರ್ಜಿ. ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಹೋಗುವ ಅರ್ಜಿ ನಿಮಗೆ ಎಷ್ಟು ಸುಲಭವೋ ಉಳಿದವರಿಗೂ ಅಷ್ಟೇ ಸುಲಭ. ಮಾರ್ಕೆಟ್ ಬಿದ್ದಾಗ ಒಂದು ಹುದ್ದೆಗೆ ಬರುವ ಗುಡ್ಡೆಯಲ್ಲಿ ಮೊದಲು ಬಂದ ಸ್ವಲ್ಪ ಭಾಗವನ್ನು ನೋಡಿ ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ನೇಮಕಾತಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಅದರಲ್ಲಿ ದುರುದ್ದೇಶ ಇರುವುದಿಲ್ಲ, ಸಮಯ ಇರುವುದಿಲ್ಲ. ಅದೇ ಟೀಮಿನ ಒಬ್ಬರು ಹೆಸರು ಹೇಳಿ ಕಳಿಸಿದ ರೆಸ್ಯೂಮೆ ಗುಡ್ಡೆಗೆ ಸೇರುವುದೇ ಇಲ್ಲ, ನೇರವಾಗಿ ಮೇಜಿಗೆ ಬರುತ್ತದೆ.

ಹಾಗಾಗಿ ಅರ್ಜಿಯ ಸಮಯವನ್ನು ದಿನಕ್ಕೆ ಒಂದು ಗಂಟೆಗೆ ಇಳಿಸಿ. ಉಳಿದ ಹೊತ್ತಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಿರಿ. ನಿಮಗಿಂತ ಮುಂಚೆ ಆ ಕಂಪನಿ ಬಿಟ್ಟು ಹೋದವರು ಮೊದಲು. ಅವರು ನಿಮ್ಮ ಕೆಲಸ ನೋಡಿದ್ದಾರೆ, ಈಗ ಬೇರೆ ಕಡೆ ಇದ್ದಾರೆ. ಇವರಷ್ಟು ಉಪಯೋಗಕ್ಕೆ ಬರುವವರು ಬೇರೆ ಇಲ್ಲ. ಆಮೇಲೆ ಕಾಲೇಜಿನ ಸೀನಿಯರುಗಳು, ನೀವು ಟೆಸ್ಟ್ ಮಾಡಿಕೊಟ್ಟ ಗ್ರಾಹಕ ಕಂಪನಿಯ ಜನ. ಅವರಿಗೆ "ಸರ್, ಏನಾದ್ರೂ ಓಪನಿಂಗ್ ಇದ್ರೆ ಹೇಳಿ" ಅಂತ ಕಳಿಸಬೇಡಿ. ಅದಕ್ಕೆ "ಖಂಡಿತ" ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಹೀಗೆ ಬರೆಯಿರಿ:

"ಸರ್, ನಮಸ್ಕಾರ. 2022ರಲ್ಲಿ ನಿಮ್ಮ ಟೀಮಿನಲ್ಲಿ ಪೇಮೆಂಟ್ ಮಾಡ್ಯೂಲ್ ಟೆಸ್ಟಿಂಗ್ ಮಾಡುತ್ತಿದ್ದೆ. ಪ್ರಾಜೆಕ್ಟ್ ನಿಂತು ನಮ್ಮ ಟೀಮ್ ಪೂರ್ತಿ ಹೋಯಿತು. ಬ್ಯಾಂಕ್, ಇನ್ಶೂರೆನ್ಸ್ ಕಡೆಯ ಟೆಸ್ಟಿಂಗ್ ಕೆಲಸ ಹುಡುಕುತ್ತಿದ್ದೇನೆ. ನಿಮ್ಮ ಕಂಪನಿಯಲ್ಲಿ ಈ ಟೀಮ್ ನೋಡಿಕೊಳ್ಳುವವರು ಯಾರು ಅಂತ ತಿಳಿಸಿದರೆ ಸಾಕು, ನಾನೇ ಅವರಿಗೆ ಬರೆಯುತ್ತೇನೆ."

ಇಲ್ಲಿ ನೀವು ಕೆಲಸ ಕೇಳುತ್ತಿಲ್ಲ, ಒಂದು ಹೆಸರು ಕೇಳುತ್ತಿದ್ದೀರಿ. ಹೆಸರು ಕೊಡುವುದಕ್ಕೆ ಯಾರಿಗೂ ಭಾರ ಆಗುವುದಿಲ್ಲ. ಎಷ್ಟೋ ಸಲ ಅವರೇ "ರೆಸ್ಯೂಮೆ ಕಳಿಸು, ನಾನೇ ಕೊಡ್ತೀನಿ" ಅನ್ನುತ್ತಾರೆ.

ರೆಸ್ಯೂಮೆ ನೀವು ನನಗೆ ಕಳಿಸಿಲ್ಲ. ಆದರೂ ಅದರಲ್ಲಿ "ಟೆಸ್ಟ್ ಕೇಸ್ ಬರೆಯುವ ಮತ್ತು ನಡೆಸುವ ಜವಾಬ್ದಾರಿ" ಅನ್ನುವ ಅರ್ಥದ ಸಾಲು ಇದೆ ಅಂತ ಪಂಥ ಕಟ್ಟಬಲ್ಲೆ. ಎಲ್ಲ ಟೆಸ್ಟರುಗಳ ರೆಸ್ಯೂಮೆಯಲ್ಲೂ ಅದು ಇರುತ್ತದೆ, ಹಾಗಾಗಿ ಅದು ಇಲ್ಲದ ಹಾಗೆಯೇ. ಅದನ್ನು ಅಳಿಸಿ ನಿಮ್ಮ ಕೈಯಿಂದ ಆದದ್ದನ್ನು ಬರೆಯಿರಿ. ಯಾವ ತಪ್ಪು ಗ್ರಾಹಕರ ಕೈಗೆ ಹೋಗುವ ಮೊದಲೇ ಹಿಡಿದಿರಿ? ಎರಡು ಸಲ ದುಡ್ಡು ಕಟ್ ಆಗುತ್ತಿತ್ತೇ? ರೀಫಂಡ್ ತಪ್ಪು ಖಾತೆಗೆ ಹೋಗುತ್ತಿತ್ತೇ? ಒಂದು ರೌಂಡ್ ಟೆಸ್ಟಿಂಗ್ ಮೊದಲು ಎಷ್ಟು ದಿನ ಹಿಡಿಯುತ್ತಿತ್ತು, ನೀವು ಬಂದ ಮೇಲೆ ಎಷ್ಟಾಯಿತು? ಮ್ಯಾನುಯಲ್ ಟೆಸ್ಟಿಂಗ್ ಒಂದನ್ನೇ ನಂಬಿಕೊಂಡರೆ ಕಷ್ಟ, ಅದು ನಿಮಗೂ ಗೊತ್ತಿರಬೇಕು. ಆಟೊಮೇಶನ್, ಎಪಿಐ ಟೆಸ್ಟಿಂಗ್ ಕಲಿಯಿರಿ. ಅದಕ್ಕೆ ಬೇಕಾದ ಸೆಲೆನಿಯಂ, ಪ್ಲೇರೈಟ್‌ನಂಥ ಸಾಧನಗಳು ಪುಕ್ಕಟೆ ಸಿಗುತ್ತವೆ. 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅನ್ನುವ ಲಕ್ಷ ರೂಪಾಯಿಯ ಕೋರ್ಸಿಗೆ ಗ್ರಾಚ್ಯುಟಿ ದುಡ್ಡು ಸುರಿಯಬೇಡಿ. ಮಾರ್ಕೆಟ್ ಬಿದ್ದಾಗ ಚೆನ್ನಾಗಿ ನಡೆಯುವ ವ್ಯಾಪಾರ ಅಂದರೆ ಕೆಲಸ ಹೋದವರಿಗೆ ಆಸೆ ಮಾರುವುದು. ಟೆಲಿಗ್ರಾಂನಲ್ಲಿ ವಿಡಿಯೊ ಲೈಕ್ ಮಾಡಿದರೆ ದುಡ್ಡು ಅನ್ನುವವರೂ ಇದೇ ಜಾತಿ. ಯಾರಾದರೂ ಸಿಕ್ಕಿಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಎಂಟೆಕ್ ಬಗ್ಗೆ ಚುಟುಕಾಗಿ: ಗೇಟ್ ಪಾಸಾಗಿ, ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುವ ಸೀಟು ಬಂದರೆ ಯೋಚಿಸಿ. ಸಾಲ ಮಾಡಿ ಸುಮ್ನೆ ಎರಡು ವರ್ಷ ಕಳೆಯುವುದಕ್ಕಾದರೆ ಬೇಡ. ಕೆಪಿಎಸ್‌ಸಿ ಓದುವ ಆಸೆ ಮೊದಲಿನಿಂದ ಇದ್ದರೆ ಓದಿ. ಕೆಲಸ ಹೋಗಿದೆ ಅಂತ ಹುಟ್ಟಿದ ಆಸೆಯಾದರೆ, ಅಧಿಸೂಚನೆಗೆ ಕಾಯುತ್ತಾ ಪರೀಕ್ಷೆಗೆ ಕಾಯುತ್ತಾ ಕೋರ್ಟ್ ತೀರ್ಪಿಗೆ ಕಾಯುತ್ತಾ 31 ಆಗಿರುತ್ತದೆ. ನಿಮ್ಮ ಸೋದರಮಾವ ಯಾರಾದರೂ ಇಷ್ಟರಲ್ಲೇ "ಹೋಂಸ್ಟೇ ಮಾಡೋ" ಅನ್ನುತ್ತಾರೆ. ಸಕಲೇಶಪುರದಿಂದ ಮುಳ್ಳಯ್ಯನಗಿರಿವರೆಗೆ ಬೋರ್ಡು ಎಣಿಸಿಕೊಂಡು ಬನ್ನಿ ಅಂತ ಅವರಿಗೆ ಹೇಳಿ.

ಒಂದು ಮಾತು ಮಾತ್ರ ಗಮನಿಸಿ. ಮಾರ್ಕೆಟ್ ಎಲ್ಲ ಕಡೆ ಒಂದೇ ಸಲ ಬೀಳುವುದಿಲ್ಲ. ಐಟಿಯವರು ಜನರನ್ನು ಕಡಿಮೆ ಮಾಡುತ್ತಿದ್ದ 2025ರ ಶುರುವಿನಲ್ಲೇ ಅರೇಬಿಕಾ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ದಾಖಲೆ ಮುಟ್ಟಿತ್ತು. ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿದೆ. ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ತೋರಿಸಲು ಕಾಫಿ ಬೆಳೆದ ಜಮೀನಿನ ಜಿಪಿಎಸ್ ಗುರುತು ಕೊಡಬೇಕು. ಜಾರಿಯ ದಿನ ಮುಂದಕ್ಕೆ ಹೋಗುತ್ತಾ ಬಂದಿದೆ, ಆದರೆ ರಫ್ತುದಾರರು ತಯಾರಿ ಮಾಡಿಕೊಳ್ಳಲೇಬೇಕು. ಹಾಸನ, ಚಿಕ್ಕಮಗಳೂರಿನ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ರಫ್ತು ಕಚೇರಿಗಳಲ್ಲಿ ಕಾಫಿ ಗೊತ್ತಿದ್ದು ಡೇಟಾನೂ ಗೊತ್ತಿರುವ ಹುಡುಗರು ಎಷ್ಟು ಜನ ಸಿಗುತ್ತಾರೆ? ನಿಮ್ಮ ನೋಟ್‌ಬುಕ್ಕಿನಲ್ಲಿ ಇವರಿಗೂ ಒಂದು ಪುಟ ಇರಲಿ.

ಈಗ ಫ್ಯಾಕ್ಟರಿಯ ವಿಷಯ. ಕೆನಡಾದಲ್ಲಿ ಆರ್ಥಿಕ ಹಿಂಜರಿತದ ಕಾಲದಲ್ಲಿ ಪದವಿ ಮುಗಿಸಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಒಂದಿದೆ. ಅವರ ಸಂಬಳ ಶುರುವಿನಲ್ಲಿ ಸರಾಸರಿ ಸುಮಾರು 9% ಕಡಿಮೆ ಇತ್ತು, ಹತ್ತು ವರ್ಷದಲ್ಲಿ ಆ ಕೊರತೆ ತುಂಬಿಹೋಯಿತು. ಅದು ಹೆಚ್ಚಾಗಿ ತುಂಬಿದ್ದು ಸಿಕ್ಕ ಸಣ್ಣ ಕೆಲಸದಿಂದ ಒಳ್ಳೆಯ ಕಂಪನಿಗೆ ಹಾರಿದಾಗ. ನೀವು ಹೊಸ ಪದವೀಧರ ಅಲ್ಲ, ಆದರೆ ಇದರಲ್ಲಿ ನಿಮಗೆ ಬೇಕಾದ ಸುಳಿವಿದೆ. ಅರ್ಧ ಸಂಬಳದ ಕೆಲಸ ಅಪಾಯ ಅಲ್ಲ, ಅಲ್ಲಿಂದ ಹೊರಡಲಾಗದೆ ಸಿಕ್ಕಿಕೊಳ್ಳುವುದು ಅಪಾಯ.

ಅದಕ್ಕೇ ಸೋಮವಾರಕ್ಕೆ ಮುಂಚೆ ಹೋಗಿ ಕೇಳಬೇಕಾದದ್ದು ಇಷ್ಟು. ಇಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ ಅನ್ನುವ ಬಾಂಡ್ ಇದೆಯೇ? ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾರೆಯೇ? ಇಟ್ಟುಕೊಳ್ಳುವವರಾದರೆ ಅಲ್ಲಿಂದಲೇ ಎದ್ದು ಬನ್ನಿ. ನೋಟಿಸ್ ಪೀರಿಯಡ್ ಎಷ್ಟು? 30 ದಿನಕ್ಕಿಂತ ಜಾಸ್ತಿ ಒಪ್ಪಬೇಡಿ. ಪಿಎಫ್ ಕಟ್ಟುತ್ತಾರೆಯೇ? 'ಕಂಪ್ಯೂಟರ್ ವಿಭಾಗ' ಅಂದರೆ ಇಆರ್‌ಪಿ (ಫ್ಯಾಕ್ಟರಿಯ ಲೆಕ್ಕ, ದಾಸ್ತಾನು ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್), ಡೇಟಾಬೇಸ್ ಕೆಲಸವೋ, ಇಲ್ಲ ಪ್ರಿಂಟರ್ ರಿಪೇರಿ ಮತ್ತು ಹಾಜರಿ ಪಟ್ಟಿಯೋ? ಆ ಕುರ್ಚಿಯಲ್ಲಿ ಈಗ ಕೂತಿರುವವರನ್ನು ಹತ್ತು ನಿಮಿಷ ಮಾತಾಡಿಸಿದರೆ ತಿಳಿಯುತ್ತದೆ. ಇನ್ನೊಂದು, ಆರ್ಡರ್ ಯಾವ ದೇಶಕ್ಕೆ ಹೋಗುತ್ತದೆ ಅಂತ ಕೇಳಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ 50% ಸುಂಕ ಹಾಕಿದಾಗ ಜೋರು ಏಟು ತಿಂದವರಲ್ಲಿ ಜವಳಿ, ಗಾರ್ಮೆಂಟ್ಸ್‌ನವರೂ ಇದ್ದರು. ಒಂದೇ ದೇಶವನ್ನು ನಂಬಿದ ಫ್ಯಾಕ್ಟರಿಯಾದರೆ ವರ್ಷದೊಳಗೆ ನೀವು ನನಗೆ ಇನ್ನೊಂದು ಪತ್ರ ಬರೆಯಬೇಕಾಗಬಹುದು.

ಬಾಂಡ್ ಇಲ್ಲ, ಕೆಲಸ ಡೇಟಾಬೇಸಿನದು, ನೋಟಿಸ್ ಒಂದು ತಿಂಗಳು ಅಂತಾದರೆ ಸೇರಿಕೊಳ್ಳಿ. ಆಲೂರಿನಿಂದ ದಿನಾ ಹೋಗಿ ಬರಬಹುದು, ಬಾಡಿಗೆ ಇಲ್ಲ. 26 ಸಾವಿರದಲ್ಲಿ ಲೋನ್ ಕಂತು ಕಟ್ಟಿ ಸ್ವಲ್ಪ ಉಳಿಯುತ್ತದೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ನೇರ ರೈಲು ಮಾರ್ಗ ಆದ ಮೇಲೆ ಬೆಂಗಳೂರಿನ ಇಂಟರ್‌ವ್ಯೂಗೆ ಒಂದು ದಿನ ರಜೆ ಹಾಕಿದರೆ ಸಾಕು. ಮುಂದಿನ ಕಡೆ ಸಂಬಳ ಕೇಳಿದಾಗ ಎರಡನ್ನೂ ಹೇಳಿ: ಸಾಫ್ಟ್‌ವೇರ್ ಕಂಪನಿಯಲ್ಲಿ ಇಷ್ಟಿತ್ತು, ಈಗ ಊರಿನ ಫ್ಯಾಕ್ಟರಿಯಲ್ಲಿ ಇಷ್ಟು, ನನ್ನ ನಿರೀಕ್ಷೆ ಮೊದಲನೆಯದರ ಲೆಕ್ಕದಲ್ಲಿ. ಬಾಂಡ್ ಇದೆ ಅಂದರೆ 40 ಸಾವಿರ ಕೊಟ್ಟರೂ ಬೇಡ. ಫ್ಯಾಕ್ಟರಿಗೆ ಹೋಗುವ ಮೊದಲು ಭಾನುವಾರವೇ ಅಪ್ಪನ ಹತ್ತಿರ ಮಾತಾಡಿ. ಇಲ್ಲದಿದ್ದರೆ 'ವರ್ಕ್ ಫ್ರಂ ಹೋಮ್' ಮಾಡುತ್ತಿದ್ದ ಹುಡುಗ ಬೆಳಗ್ಗೆ ಬಸ್ ಹತ್ತಿದ್ದು ಯಾಕೆ ಅಂತ ಇನ್ನೊಂದು ಕತೆ ಕಟ್ಟಬೇಕಾಗುತ್ತದೆ.